ಉದ್ದೇಶಿತ ಕಟ್ಟಡದ ಚಿತ್ರವನ್ನು ಓದುವುದು ಹೇಗೆ?

ಹೊಸ ಬಸ್ ನಿಲ್ದಾಣಕ್ಕೋ ಆಸ್ಪತ್ರೆಗೋ ಪಾಲಿಕೆ ಕಚೇರಿಗೋ ಮಂಜೂರಾತಿ ದೊರೆತ ಸುದ್ದಿಯ ಜೊತೆಯಲ್ಲಿ ಪತ್ರಿಕೆಗಳು ಒಂದು ಬಣ್ಣದ ಚಿತ್ರವನ್ನು ಅಚ್ಚು ಹಾಕುತ್ತವೆ. ಅದರಲ್ಲಿ ಆಕಾಶ ತಿಳಿನೀಲಿಯಾಗಿರುತ್ತದೆ, ಗೋಡೆಗಳು ಬೆಳ್ಳಗಿರುತ್ತವೆ, ರಸ್ತೆಯಲ್ಲಿ ನಾಲ್ಕೇ ಕಾರುಗಳಿರುತ್ತವೆ, ಮುಂದಿನ ಹುಲ್ಲುಹಾಸಿನ ಮೇಲೆ ಯಾವ ಊರಿನವರೆಂದು ಹೇಳಲಾಗದ ಜನ ಅಡ್ಡಾಡುತ್ತಿರುತ್ತಾರೆ. ಶಂಕುಸ್ಥಾಪನೆಯ ದಿನ ಅದೇ ಕಟ್ಟಡದ ಒಂದು ಪುಟ್ಟ ಮಾದರಿಯನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ವೇದಿಕೆಯ ಪಕ್ಕದಲ್ಲಿ ನಿಲ್ಲಿಸಲಾಗುತ್ತದೆ. ಜನರ ತೆರಿಗೆಯಿಂದ ಕಟ್ಟುವ ಕಟ್ಟಡದ ಬಗ್ಗೆ ಜನರಿಗೆ ಸಿಗುವ ಮೊದಲ ಮಾಹಿತಿ ಬಹುಮಟ್ಟಿಗೆ ಇವೆರಡೇ ಆಗಿರುವುದರಿಂದ, ಇವು ತಯಾರಾಗುವ ಬಗೆಯನ್ನು ತಿಳಿದುಕೊಂಡರೆ ಇವುಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ಪ್ರಶ್ನಿಸಬೇಕು ಎಂಬುದೂ ತಿಳಿಯುತ್ತದೆ. ಸಾರ್ವಜನಿಕ ಕಟ್ಟಡದ ಚಿತ್ರವು ಚೆನ್ನಾಗಿ ಕಾಣುವುದಷ್ಟೇ ಸಾಲದು, ನೋಡುವವನು ತಾಳೆ ನೋಡಲು ಬರುವಂತಿರಬೇಕು ಎಂಬುದು ಈ ಲೇಖನದ ನಿಲುವು.

ಮಾದರಿ ಎಂದ ಕೂಡಲೇ ಗಾಜಿನ ಪೆಟ್ಟಿಗೆಯೊಳಗಿನ, ದೀಪ ಹಚ್ಚಿದ ಪ್ರದರ್ಶನದ ವಸ್ತುವೇ ಕಣ್ಣ ಮುಂದೆ ಬರುತ್ತದೆಯಾದರೂ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದಲ್ಲ. ವಿನ್ಯಾಸ ಇನ್ನೂ ಗಟ್ಟಿಯಾಗದ ಹಂತದಲ್ಲಿ ರಟ್ಟು, ಸನ್‌ಬೋರ್ಡ್, ಥರ್ಮಾಕೋಲ್ ತುಂಡುಗಳನ್ನು ಕತ್ತರಿಸಿ, ಗುಂಡುಪಿನ್ನು ಚುಚ್ಚಿ ನಿಲ್ಲಿಸುವ ಒರಟು ಮಾದರಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಅವು ಯಾರಿಗೂ ತೋರಿಸುವುದಕ್ಕಾಗಿ ಮಾಡಿದವಲ್ಲ. ಮೂರನೆಯ ಮಹಡಿಯನ್ನು ಹಿಂದಕ್ಕೆ ಸರಿಸಿದರೆ ಅಂಗಳಕ್ಕೆ ಎಷ್ಟು ಬೆಳಕು ಬಂದೀತು, ಹೊರರೋಗಿಗಳ ವಿಭಾಗವನ್ನು ಮುಂದಕ್ಕೆ ತಂದರೆ ಆಂಬುಲೆನ್ಸ್ ತಿರುಗಲು ಜಾಗ ಉಳಿದೀತೇ ಎಂಬಂಥ ಪ್ರಶ್ನೆಗಳಿಗೆ ಕೈಯಲ್ಲೇ ಉತ್ತರ ಹುಡುಕುವ ಸಾಧನಗಳು ಅವು. ಇಲಾಖೆಯ ಅಧಿಕಾರಿಗಳ ಮುಂದೆ ಇಡುವ ಮಾದರಿ ಇದಕ್ಕಿಂತ ಬೇರೆ, ಸಾರ್ವಜನಿಕರಿಗೆ ತೋರಿಸುವ ಮಾದರಿ ಅದಕ್ಕಿಂತಲೂ ಬೇರೆ. ಒಂದು ಉದ್ದೇಶಕ್ಕೆ ಮಾಡಿದ ಮಾದರಿಯನ್ನು ಇನ್ನೊಂದಕ್ಕೆ ಬಳಸಿಕೊಂಡಾಗಲೇ ಬಹಳಷ್ಟು ಗೊಂದಲಗಳು ಹುಟ್ಟುತ್ತವೆ.

ಮಾದರಿಯ ಮೊದಲ ತೀರ್ಮಾನ ಅದರ ಸ್ಕೇಲ್, ಎಂದರೆ ನಿಜವಾದ ಅಳತೆಯನ್ನು ಎಷ್ಟು ಪಟ್ಟು ಕುಗ್ಗಿಸಬೇಕೆಂಬುದು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರ ಒತ್ತಾಸೆಯಿಂದ ಬೆಳೆದು 1956ರಲ್ಲಿ ಮುಗಿದ ವಿಧಾನಸೌಧವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಉದ್ದ ಸುಮಾರು 700 ಅಡಿ, ಎಂದರೆ ಹೆಚ್ಚುಕಡಿಮೆ 213 ಮೀಟರ್. 1:100ರ ಸ್ಕೇಲ್‌ನಲ್ಲಿ ಮಾಡಿದರೆ ಅದೊಂದು ಎರಡು ಮೀಟರ್ ದಾಟುವ ಮೇಜನ್ನು ಬೇಡುತ್ತದೆ, 1:200ರಲ್ಲಿ 107 ಸೆಂಟಿಮೀಟರ್ ಆಗುತ್ತದೆ, 1:500ರಲ್ಲಿ 43 ಸೆಂಟಿಮೀಟರಿಗೆ ಇಳಿಯುತ್ತದೆ. ಮೆಟ್ಟಿಲ ಬುಡದಲ್ಲಿ ನಿಂತ 170 ಸೆಂಟಿಮೀಟರ್ ಎತ್ತರದ ಮನುಷ್ಯ ಕ್ರಮವಾಗಿ 17 ಮಿಲಿಮೀಟರ್, 8.5 ಮಿಲಿಮೀಟರ್ ಮತ್ತು 3.4 ಮಿಲಿಮೀಟರ್ ಆಗುತ್ತಾನೆ. 1:500ರ ಮಾದರಿಯು ಕಟ್ಟಡವು ನಿವೇಶನದಲ್ಲಿ ಹೇಗೆ ಕುಳಿತಿದೆ, ಎದುರಿನ ಹೈಕೋರ್ಟ್ ಕಟ್ಟಡವಾದ ಅಠಾರ ಕಚೇರಿಯೊಡನೆ ಅದರ ಸಂಬಂಧವೇನು ಎಂಬುದನ್ನು ಚೆನ್ನಾಗಿ ಹೇಳಬಲ್ಲದು. ಕಿಟಕಿಯ ಚೌಕಟ್ಟಿನ ಬಗ್ಗೆ ಅದು ಏನನ್ನೂ ಹೇಳಲಾರದು, ಏಕೆಂದರೆ ಒಂಬತ್ತು ಇಂಚಿನ, ಎಂದರೆ 230 ಮಿಲಿಮೀಟರಿನ ಗೋಡೆ ಆ ಸ್ಕೇಲ್‌ನಲ್ಲಿ ಅರ್ಧ ಮಿಲಿಮೀಟರಿಗಿಂತ ತೆಳ್ಳಗಾಗುತ್ತದೆ. ಅಷ್ಟು ತೆಳುವಾದ ಹಾಳೆ ನೆಟ್ಟಗೆ ನಿಲ್ಲುವುದಿಲ್ಲವಾದ್ದರಿಂದ ಮಾದರಿ ಮಾಡುವವರು ಒಂದು ಅಥವಾ ಎರಡು ಮಿಲಿಮೀಟರಿನ ಹಾಳೆ ಬಳಸುತ್ತಾರೆ, ಗೋಡೆ ಎರಡರಿಂದ ನಾಲ್ಕು ಪಟ್ಟು ದಪ್ಪವಾಗುತ್ತದೆ. ಇದನ್ನು ಮೋಸವೆನ್ನುವಂತಿಲ್ಲ, ಆದರೆ ಯಾವ ಸ್ಕೇಲ್‌ನ ಮಾದರಿಯಿಂದ ಯಾವ ಪ್ರಶ್ನೆಗೆ ಉತ್ತರ ಕೇಳಬಹುದೆಂಬುದು ಇಲ್ಲೇ ನಿರ್ಧಾರವಾಗಿಬಿಡುತ್ತದೆ. ಸ್ಕೇಲ್ ಎಷ್ಟೆಂದು ಬರೆಯದ ಮಾದರಿ ಅಳತೆ ಇಲ್ಲದ ನಕ್ಷೆಯಷ್ಟೇ ನಿರುಪಯೋಗಿ.

ಸಣ್ಣ ಅಳತೆಗಳ ಕಷ್ಟ ಮೆಟ್ಟಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಸರ್ಕಾರಿ ಕಚೇರಿಯ ಮೆಟ್ಟಿಲು 15 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲವಿದೆಯೆಂದುಕೊಂಡರೆ, 1:100ರಲ್ಲಿ ಅದರ ಎತ್ತರ ಒಂದೂವರೆ ಮಿಲಿಮೀಟರ್, ಅಗಲ ಮೂರು ಮಿಲಿಮೀಟರ್ ಆಗುತ್ತದೆ. ಅನುಭವವಿದ್ದವರು ಒಂದೂವರೆ ಮಿಲಿಮೀಟರ್ ದಪ್ಪದ ರಟ್ಟನ್ನು ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯನ್ನೂ ಕೆಳಗಿನದಕ್ಕಿಂತ ಮೂರು ಮಿಲಿಮೀಟರ್ ಹಿಂದಕ್ಕಿಟ್ಟು ಅಂಟಿಸುತ್ತಾ ಹೋಗುತ್ತಾರೆ. ಹಾಳೆಯ ದಪ್ಪವೇ ಮೆಟ್ಟಿಲಿನ ಎತ್ತರವಾಗಿರುವುದರಿಂದ ಬೇರೆ ಅಳತೆಯೇ ಬೇಕಾಗುವುದಿಲ್ಲ. ಆದರೆ ಇಪ್ಪತ್ತು ಮೆಟ್ಟಿಲ ಉದ್ದಕ್ಕೂ ಅಂಟಿನ ಪದರ ಸ್ವಲ್ಪ ಸ್ವಲ್ಪವೇ ಸೇರಿ, ಕೊನೆಯ ಮೆಟ್ಟಿಲು ಮೇಲಿನ ಮಹಡಿಯ ನೆಲಕ್ಕಿಂತ ಒಂದು ಮಿಲಿಮೀಟರ್ ಮೇಲೆ ಹೋಗಿ ನಿಲ್ಲುವುದುಂಟು. ಆಗ ಸ್ಯಾಂಡ್‌ಪೇಪರ್ ಹಿಡಿದು ಉಜ್ಜುವುದೊಂದೇ ದಾರಿ.

ಈಗ ಇಂಥ ಕೆಲಸದ ಬಹುಪಾಲನ್ನು ಲೇಸರ್ ಕಟಿಂಗ್ ಯಂತ್ರಗಳು ವಹಿಸಿಕೊಂಡಿವೆ. ಕಂಪ್ಯೂಟರಿನ ನಕ್ಷೆಯಿಂದ ಅಕ್ರಿಲಿಕ್ ಹಾಳೆಯನ್ನೋ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನೋ ನೇರವಾಗಿ ಕತ್ತರಿಸಬಹುದು. ಅಕ್ರಿಲಿಕ್‌ನ ಅಂಚು ನುಣುಪಾಗಿ ಬರುತ್ತದೆ, ಎಂಡಿಎಫ್‌ನ ಅಂಚು ಸುಟ್ಟು ಕಂದಾಗುತ್ತದೆ. ಲೇಸರ್ ಕಿರಣ ತಾನು ಹಾದುಹೋದ ದಾರಿಯಲ್ಲಿ ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ವಸ್ತುವನ್ನು ತಿಂದುಹಾಕುವುದರಿಂದ ಒಂದರೊಳಗೊಂದು ಕೂರಬೇಕಾದ ತುಂಡುಗಳ ನಕ್ಷೆಯಲ್ಲಿ ಆ ನಷ್ಟವನ್ನು ಮೊದಲೇ ಲೆಕ್ಕ ಹಾಕಿರಬೇಕು, ಇಲ್ಲದಿದ್ದರೆ ಎಲ್ಲ ಜೋಡಣೆಗಳೂ ಸಡಿಲವಾಗುತ್ತವೆ. ಅಕ್ರಿಲಿಕ್ ಅಂಟಿಸಲು ನಮ್ಮಲ್ಲಿ ಬಳಕೆಯಲ್ಲಿರುವುದು ಕ್ಲೋರೋಫಾರ್ಮ್‌ನಂಥ ದ್ರಾವಕಗಳು. ಸಿರಿಂಜಿನಿಂದ ಸಂದಿಗೆ ಒಂದು ಹನಿ ಬಿಟ್ಟರೆ ಅದು ತಾನಾಗಿಯೇ ಸಂದಿಯುದ್ದಕ್ಕೂ ಹರಿದು ಎರಡು ಹಾಳೆಗಳನ್ನು ಕರಗಿಸಿ ಬೆಸೆಯುತ್ತದೆ. ಹನಿ ತಪ್ಪಿ ಮುಖದ ಮೇಲೆ ಬಿದ್ದರೆ ಆ ಕಲೆ ಹೋಗುವುದೇ ಇಲ್ಲ, ತುಂಡನ್ನು ಬಿಸಾಡಿ ಮತ್ತೆ ಕತ್ತರಿಸಬೇಕಾಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಆ ದ್ರಾವಕದ ಆವಿ ಕುಡಿಯುತ್ತ ಕೂರುವ ಕೆಲಸಗಾರರ ಆರೋಗ್ಯದ ವಿಷಯವನ್ನು ಈ ವೃತ್ತಿ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದು ಇಲ್ಲಿ ಹೇಳಲೇಬೇಕು. ತ್ರೀಡಿ ಪ್ರಿಂಟರ್ ಗುಮ್ಮಟ, ಬಾಗಿದ ಚಾವಣಿಗಳಂಥ ಆಕಾರಗಳಿಗೆ ಒಳ್ಳೆಯದು. ಆದರೆ ಪದರವೊಂದು 0.2 ಮಿಲಿಮೀಟರ್ ಇದ್ದರೆ 20 ಸೆಂಟಿಮೀಟರ್ ಎತ್ತರದ ವಸ್ತುವಿಗೆ ಸಾವಿರ ಪದರಗಳು ಬೇಕಾಗುವುದರಿಂದ ಚಪ್ಪಟೆ ಗೋಡೆಗಳಿಗೆ ಲೇಸರೇ ಬೇಗ, ಅಗ್ಗ.

ಮಾದರಿಯಲ್ಲಿ ಜನ ಕಟ್ಟಡವನ್ನು ನೋಡುತ್ತಾರೆ, ನಾನು ಮೊದಲು ಬೇಸ್, ಎಂದರೆ ಅದು ಕುಳಿತ ನೆಲವನ್ನು ನೋಡುತ್ತೇನೆ. ಬೆಂಗಳೂರು ಚಪ್ಪಟೆ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಈ ಊರಿನ ಮಳೆನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳತ್ತ ಇಳಿದು ಹೋಗುತ್ತದೆ. ನಿವೇಶನದ ಏರಿಳಿತವನ್ನು ತೋರಿಸಲು ಒಂದು ಸರಳ ವಿಧಾನವಿದೆ: ಸರ್ವೆ ನಕ್ಷೆಯಲ್ಲಿ ಪ್ರತಿ ಒಂದು ಮೀಟರ್ ಏರಿಕೆಗೆ ಎಳೆದ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಯ ಪ್ರಕಾರ ಎರಡು ಮಿಲಿಮೀಟರಿನ ಹಲಗೆಯನ್ನು ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ 1:500ರ ನೆಲ ಸರಿಯಾಗಿ ಮೂಡುತ್ತದೆ. ಈ ಕೆಲಸವನ್ನು ಬಿಟ್ಟು ನಯವಾದ ಸಮತಟ್ಟು ಹಲಗೆಯ ಮೇಲೆ ಹಸಿರು ಕಾಗದ ಅಂಟಿಸಿ ಕಟ್ಟಡವನ್ನು ಕೂರಿಸಿದಾಗ ಪಕ್ಕದ ರಾಜಕಾಲುವೆಯೂ ಮಾಯವಾಗುತ್ತದೆ, ನೆಲಮಾಳಿಗೆಯ ಪಾರ್ಕಿಂಗಿನ ಬಾಗಿಲು ರಸ್ತೆಗಿಂತ ಎಷ್ಟು ಕೆಳಗಿದೆ ಎಂಬುದೂ ಕಾಣದಾಗುತ್ತದೆ. ಮಳೆಗಾಲದಲ್ಲಿ ಮೊದಲು ನೀರು ನುಗ್ಗುವುದು ಆ ಬಾಗಿಲಿನಿಂದಲೇ. ಅಕ್ಕಪಕ್ಕದ ಕಟ್ಟಡಗಳ ವಿಷಯದಲ್ಲೂ ಇದೇ ಮಾತು. ನೆರೆಯವನ್ನು ಬಣ್ಣವಿಲ್ಲದ ಬಿಳಿ ದಿಮ್ಮಿಗಳಾಗಿ ತೋರಿಸುವುದು ಒಪ್ಪಿತ ಪದ್ಧತಿ, ತೋರಿಸದೇ ಇರುವುದು ಮಾತ್ರ ಆಕ್ಷೇಪಾರ್ಹ.

ಕಟ್ಟುವ ಮುನ್ನ ಚಿಕ್ಕದಾಗಿ ಕಟ್ಟಿ ನೋಡುವ ಪದ್ಧತಿ ಹಳೆಯದು. ಫ್ಲಾರೆನ್ಸಿನ ಕೆಥೆಡ್ರಲ್ ಗುಮ್ಮಟಕ್ಕಾಗಿ 1418ರಲ್ಲಿ ನಡೆದ ಸ್ಪರ್ಧೆಗೆ ಬ್ರೂನೆಲೆಸ್ಕಿ ಇಟ್ಟಿಗೆಯಲ್ಲೇ ಮಾದರಿ ಕಟ್ಟಿಸಿದ್ದ. ಲಂಡನ್ನಿನ ಸೇಂಟ್ ಪಾಲ್ಸ್‌ಗಾಗಿ ಕ್ರಿಸ್ಟೋಫರ್ ರೆನ್ 1670ರ ದಶಕದಲ್ಲಿ ಮಾಡಿಸಿದ ಓಕ್ ಮರದ ಮಾದರಿ ಆರು ಮೀಟರಿಗೂ ಉದ್ದವಾಗಿದ್ದು ಇಂದಿಗೂ ಉಳಿದಿದೆ, ಅದರಲ್ಲಿದ್ದ ವಿನ್ಯಾಸವನ್ನು ಮಾತ್ರ ಕಟ್ಟಲಿಲ್ಲ. ನಮ್ಮ ಹೊಯ್ಸಳ ದೇವಾಲಯಗಳ ಹೊರಗೋಡೆಯ ಮೇಲೆ ಸಾಲಾಗಿ ಕೆತ್ತಿರುವ ಪುಟ್ಟ ಶಿಖರಗಳು ಅಲಂಕಾರಕ್ಕಾಗಿ ಇದ್ದವೇ ಹೊರತು ಕಟ್ಟುವವನ ಕೈಪಿಡಿಯಾಗಿ ಅಲ್ಲ. ಆದರೂ ದೊಡ್ಡ ಶಿಖರವೊಂದರ ಪೂರ್ಣ ರೂಪವನ್ನು ಮೊಳದಷ್ಟು ಕಲ್ಲಿನಲ್ಲಿ ಹಿಡಿದಿಡುವ ಕೈಚಳಕ ಇಲ್ಲಿನ ಶಿಲ್ಪಿಗಳಿಗೆ ಚೆನ್ನಾಗಿ ಒಲಿದಿತ್ತು.

ಪರೀಕ್ಷೆಗೆಂದೇ ಮಾಡುವ ಮಾದರಿಗಳೂ ಉಂಟು. ಎತ್ತರದ ಕಟ್ಟಡದ ಅಥವಾ ವಿಶಾಲ ಚಾವಣಿಯ ಮಾದರಿಯ ಮೈತುಂಬ ಸೂಜಿಮೊನೆಯಷ್ಟು ತೂತು ಕೊರೆದು, ಪ್ರತಿ ತೂತಿಗೂ ಸಣ್ಣ ನಳಿಕೆ ಜೋಡಿಸಿ, ಗಾಳಿ ಸುರಂಗದಲ್ಲಿ ನಿಲ್ಲಿಸಿ ಒತ್ತಡ ಅಳೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನಕ್ಕಾಗಿ ಕಟ್ಟಿದ ಹಳೆಯ ಗಾಳಿ ಸುರಂಗದ ಪರೀಕ್ಷಾ ಭಾಗವೇ 14 ಅಡಿ ಅಗಲ, 9 ಅಡಿ ಎತ್ತರವಿದೆ. ಗಾಳಿಯ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕವು ಬೆಂಗಳೂರಿಗೆ ನಿಗದಿಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಇದು ಆ ಪಟ್ಟಿಯ ಅತ್ಯಂತ ಕೆಳಗಿನ ದರ್ಜೆ. ಸಾಮಾನ್ಯ ಎತ್ತರದ ಕಚೇರಿ ಕಟ್ಟಡಕ್ಕೆ ಇಲ್ಲಿ ಇಂಥ ಪರೀಕ್ಷೆಯ ಅಗತ್ಯ ಬೀಳುವುದಿಲ್ಲ.

ಇನ್ನು ರೆಂಡರಿಂಗ್, ಎಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಆ ಬಣ್ಣದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಯಾರಿಸುವ ಕೆಲಸ. ಕಂಪ್ಯೂಟರಿನೊಳಗೆ ಕಟ್ಟಡವು ಲಕ್ಷಾಂತರ ತ್ರಿಕೋನಗಳ ಜಾಲವಾಗಿ ಇರುತ್ತದೆ. ಪ್ರತಿಯೊಂದು ಮೇಲ್ಮೈಗೂ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು, ಯಾವ ಬಣ್ಣದಲ್ಲಿ, ಯಾವ ದಿಕ್ಕಿಗೆ ಹಿಂದಿರುಗಿಸುತ್ತದೆ ಎಂಬ ಗುಣವನ್ನು ಕೊಡಬೇಕು. ಅನಂತರ ಒಂದು ಕ್ಯಾಮೆರಾವನ್ನೂ ಸೂರ್ಯನನ್ನೂ ಆಕಾಶವನ್ನೂ ಇಟ್ಟರೆ ಲೆಕ್ಕ ಶುರುವಾಗುತ್ತದೆ. ಚಿತ್ರದ ಪ್ರತಿ ಬಿಂದುವಿನಿಂದ ಹಿಂದುಮುಂದಾಗಿ ಒಂದು ಕಿರಣ ಹೊರಟು, ಗೋಡೆಗೆ ತಾಗಿ, ಅಲ್ಲಿಂದ ನೆಲಕ್ಕೆ ಚಿಮ್ಮಿ, ನೆಲದಿಂದ ಚಾವಣಿಗೆ ಹೋಗಿ, ಕೊನೆಗೆ ಬೆಳಕಿನ ಮೂಲವನ್ನು ಮುಟ್ಟುತ್ತದೆಯೇ ಎಂದು ನೋಡಲಾಗುತ್ತದೆ. ಬೆಳಕಿನ ಈ ಓಡಾಟವನ್ನು ಲೆಕ್ಕಕ್ಕೆ ಇಳಿಸಿ ಜೇಮ್ಸ್ ಕಾಜಿಯ 1986ರಲ್ಲಿ ಮಂಡಿಸಿದ ಸಮೀಕರಣ ಇಂದಿನ ಬಹುತೇಕ ರೆಂಡರಿಂಗ್ ತಂತ್ರಾಂಶಗಳ ತಳದಲ್ಲಿದೆ. 3840 ಉದ್ದ, 2160 ಎತ್ತರದ ಚಿತ್ರದಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ ಸಾವಿರ ಕಿರಣಗಳಂತೆ ಹಿಡಿದರೆ 830 ಕೋಟಿಯ ಹತ್ತಿರ ದಾರಿಗಳನ್ನು ಹಿಂಬಾಲಿಸಬೇಕಾಗುತ್ತದೆ. ಕಿರಣಗಳ ಸಂಖ್ಯೆ ಕಡಿಮೆಯಾದರೆ ಚಿತ್ರದ ನೆರಳಿನ ಭಾಗಗಳಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು ಉಳಿಯುತ್ತವೆ. ಆ ಚುಕ್ಕೆಗಳನ್ನು ಊಹಿಸಿ ಒರೆಸಿಹಾಕುವ ಸೌಲಭ್ಯ ಈಚಿನ ತಂತ್ರಾಂಶಗಳಲ್ಲಿದ್ದು, ಹಿಂದೆ ರಾತ್ರಿಯಿಡೀ ಯಂತ್ರ ಓಡಿಸಿ ಪಡೆಯುತ್ತಿದ್ದ ಚಿತ್ರ ಈಗ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಆಟದ ತಂತ್ರಜ್ಞಾನದಿಂದ ಬೆಳೆದ ಟ್ವಿನ್‌ಮೋಷನ್‌ನಂಥ ತಂತ್ರಾಂಶಗಳಲ್ಲಿ ಕಟ್ಟಡದೊಳಗೆ ನಡೆದಾಡುತ್ತಲೇ ಬಣ್ಣ, ಬೆಳಕು ಬದಲಿಸಬಹುದು.

ಲೆಕ್ಕ ಪ್ರಾಮಾಣಿಕವಾದದ್ದು, ಲೆಕ್ಕಕ್ಕೆ ಕೊಟ್ಟ ಅಂಶಗಳು ಹಾಗಿರಬೇಕೆಂದಿಲ್ಲ. ಮೊದಲನೆಯದಾಗಿ ಸೂರ್ಯ. ವಾಸ್ತುಶಿಲ್ಪ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಸ್ಕೆಚ್‌ಅಪ್ ಹುಟ್ಟಿದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಊರಿನಲ್ಲಿ. ಅದರಲ್ಲಿ ಮೊದಲೇ ಹೊಂದಿಸಿಟ್ಟಿರುವ ಸ್ಥಳವೂ ಅದೇ ಊರು, ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶ. ಬೆಂಗಳೂರು ಇರುವುದು 13 ಡಿಗ್ರಿಗೆ ಕೂದಲೆಳೆಯಷ್ಟು ಕೆಳಗೆ. ಡಿಸೆಂಬರ್ 21ರ ನಡುಹಗಲಲ್ಲಿ 20 ಮೀಟರ್ ಎತ್ತರದ ಕಟ್ಟಡ ಬೌಲ್ಡರಿನಲ್ಲಿ ಸುಮಾರು 40 ಮೀಟರ್ ಉದ್ದದ ನೆರಳು ಚೆಲ್ಲಿದರೆ ಬೆಂಗಳೂರಿನಲ್ಲಿ ಆ ನೆರಳು 15 ಮೀಟರನ್ನೂ ಮುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇಸಿಗೆಯದು. ಪ್ರತಿ ವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ನೆಟ್ಟಗೆ ಬಂದು ನಿಲ್ಲುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಬಾಟಲಿ, ಕೋಲು ನಿಲ್ಲಿಸಿ ನೋಡುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲ ಸೂರ್ಯ ನಮಗಿಂತ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಎಂದರೆ, ಉತ್ತರದ ಗೋಡೆಗೆ ಬಿಸಿಲೇ ತಾಗುವುದಿಲ್ಲ ಎಂಬ ಪಾಶ್ಚಾತ್ಯ ಪಠ್ಯದ ಮಾತು ಇಲ್ಲಿ ನಡೆಯುವುದಿಲ್ಲ. ಉತ್ತರಕ್ಕೆ ಇಡೀ ಗಾಜಿನ ಮುಖವಿಟ್ಟು ಸಜ್ಜಾ ಕೈಬಿಟ್ಟ ಕಚೇರಿಯ ರೆಂಡರ್, ಸ್ಥಳ ಬದಲಿಸದ ತಂತ್ರಾಂಶದಲ್ಲಿ ತಂಪಾಗಿಯೇ ಕಾಣುತ್ತದೆ. ಅದೇ ಫೈಲಿನಲ್ಲಿ ಬೆಂಗಳೂರಿನ ಅಕ್ಷಾಂಶ ಹಾಕಿ ಮೇ ತಿಂಗಳ ಬೆಳಗಿನ ಹತ್ತು ಗಂಟೆ ಕೊಟ್ಟರೆ ಬಿಸಿಲು ಆ ಗಾಜಿನ ಮೇಲೆ ಓರೆಯಾಗಿ ಜಾರುವುದು ತಾನಾಗಿ ಗೋಚರಿಸುತ್ತದೆ. ಹಾಗಾಗಿ ಜವಾಬ್ದಾರಿಯುತ ಕಚೇರಿಗಳು ಒಂದೇ ಸುಂದರ ಸಂಜೆಯ ಚಿತ್ರದ ಜೊತೆಗೆ ಮಾರ್ಚ್ 21, ಜೂನ್ 21 ಮತ್ತು ಡಿಸೆಂಬರ್ 21ರ ಬೆಳಿಗ್ಗೆ, ಮಧ್ಯಾಹ್ನ, ಸಂಜೆಗಳ ನೆರಳಿನ ಅಧ್ಯಯನವನ್ನೂ ಕೊಡುತ್ತವೆ. ಅದು ನೋಡಲು ನೀರಸವಾಗಿರುತ್ತದೆ, ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ. ಪಕ್ಕದ ಶಾಲೆಯ ಆಟದ ಬಯಲಿಗೆ ಎಷ್ಟು ಹೊತ್ತು ನೆರಳು ಕವಿಯುತ್ತದೆಂದು ತಿಳಿಯಬೇಕಾದರೆ ಬೇರೆ ದಾರಿಯಿಲ್ಲ.

ಎರಡನೆಯದು ಕ್ಯಾಮೆರಾ ನಿಂತ ಜಾಗ. ಪಕ್ಷಿನೋಟದ ಚಿತ್ರ ಕಟ್ಟಡದ ವಿಂಗಡಣೆಯನ್ನು ವಿವರಿಸಲು ಒಳ್ಳೆಯದು, ಆದರೆ ಆ ನೋಟ ಹದ್ದಿಗೆ ಮಾತ್ರ ಲಭ್ಯ. ಎಂ.ಜಿ. ರಸ್ತೆಯ ಉದ್ದಕ್ಕೂ 2011ರಿಂದ ಮೆಟ್ರೊ ಓಡುತ್ತಿರುವ ಎತ್ತರದ ಮಾರ್ಗವನ್ನು ಮೇಲಿನಿಂದ ನೋಡಿದರೆ ಅದೊಂದು ತೆಳುವಾದ ಗೆರೆ, ಕೆಳಗೆ ಪಾದಚಾರಿ ಮಾರ್ಗದಲ್ಲಿ ನಡೆಯುವವರ ಪಾಲಿಗೆ ಅದು ಕಂಬಗಳ ಸಾಲು, ಅರ್ಧ ಆಕಾಶ ಮತ್ತು ಹಗಲೆಲ್ಲ ಇರುವ ನೆರಳು. ಎರಡೂ ನೋಟಗಳು ಸತ್ಯವೇ ಆದರೂ ಜನ ದಿನವೂ ಬದುಕುವುದು ಎರಡನೆಯದರಲ್ಲಿ. ಆದ್ದರಿಂದ ಸಾರ್ವಜನಿಕ ಕಟ್ಟಡದ ಮುಖ್ಯ ಚಿತ್ರವು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿ, ಜನ ನಿಜವಾಗಿ ನಿಲ್ಲಬಹುದಾದ ಬಸ್ ತಂಗುದಾಣದಿಂದಲೋ ಗೇಟಿನ ಎದುರಿನಿಂದಲೋ ತೆಗೆದ ನೋಟವಾಗಿರಬೇಕು. ಎಷ್ಟೋ ಚಿತ್ರಗಳಲ್ಲಿ ಕ್ಯಾಮೆರಾ ನಿಂತಿರುವುದು ಎದುರುಗಡೆಯ ಕಟ್ಟಡದ ಹೊಟ್ಟೆಯೊಳಗೆ. ಆ ಕಟ್ಟಡವನ್ನು ಫೈಲಿನಿಂದ ಅಳಿಸಿಹಾಕಿದ್ದರಿಂದಲೇ ಅಂಥ ವಿಶಾಲ ನೋಟ ಸಾಧ್ಯವಾಗಿರುತ್ತದೆ. ಲೆನ್ಸಿನದೂ ಒಂದು ಪಾತ್ರವಿದೆ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್ ಅಡ್ಡಗಲಕ್ಕೆ ಸುಮಾರು 40 ಡಿಗ್ರಿಯಷ್ಟನ್ನು ನೋಡಿದರೆ 24 ಮಿಲಿಮೀಟರಿನದು 74 ಡಿಗ್ರಿಯನ್ನು ಒಳಗೊಳ್ಳುತ್ತದೆ. ಅಗಲ ಲೆನ್ಸಿನಲ್ಲಿ ಮುಂದಿನ ಅಂಗಳ ಹಿಗ್ಗುತ್ತದೆ, ಹಿಂದಿನ ನೆರೆಕಟ್ಟಡಗಳು ಕುಗ್ಗಿ ದೂರ ಸರಿಯುತ್ತವೆ. ಹತ್ತು ಮೀಟರಿನ ಅಂಗಳ ಪರೇಡ್ ಮೈದಾನದಂತೆ ಕಾಣುವುದರ ಗುಟ್ಟು ಇದು.

ಇದನ್ನು ಸರಿಪಡಿಸುವ ವಿಧಾನ ಬಹುಕಾಲದಿಂದ ಗೊತ್ತಿರುವಂಥದು. ನಿವೇಶನದ ಎದುರು ಒಂದು ಗೊತ್ತಾದ ಬಿಂದುವಿನಲ್ಲಿ ಟ್ರೈಪಾಡ್ ನಿಲ್ಲಿಸಿ, ಕೋನ, ದೂರ ಅಳೆಯುವ ಸರ್ವೆ ಯಂತ್ರವಾದ ಟೋಟಲ್ ಸ್ಟೇಷನ್‌ನಿಂದ ಆ ಬಿಂದುವನ್ನೂ, ಚಿತ್ರದಲ್ಲಿ ಕಾಣುವ ದೀಪದ ಕಂಬದ ಬುಡ, ಕಾಂಪೌಂಡಿನ ಮೂಲೆ, ಪಕ್ಕದ ಕಟ್ಟಡದ ಪ್ಯಾರಪೆಟ್ಟಿನ ತುದಿ ಮುಂತಾದ ನಾಲ್ಕಾರು ಗುರುತುಗಳನ್ನೂ ಸರ್ವೆ ಮಾಡಿಕೊಳ್ಳುತ್ತಾರೆ. ಲೆನ್ಸ್, ಎತ್ತರ, ದಿನಾಂಕ, ವೇಳೆ ಇವಿಷ್ಟನ್ನು ಬರೆದಿಟ್ಟುಕೊಂಡು ತಂತ್ರಾಂಶದೊಳಗಿನ ಕ್ಯಾಮೆರಾವನ್ನು ಅದೇ ಜಾಗದಲ್ಲಿ, ಅದೇ ಲೆನ್ಸಿನೊಂದಿಗೆ ಇಟ್ಟಾಗ ಆ ಗುರುತುಗಳು ಛಾಯಾಚಿತ್ರದ ಗುರುತುಗಳ ಮೇಲೆ ಕರಾರುವಾಕ್ಕಾಗಿ ಕೂರಬೇಕು. ಕೂತವೆಂದರೆ ಹೊಸ ಕಟ್ಟಡದ ಎತ್ತರವೂ ಅಗಲವೂ ಚಿತ್ರದಲ್ಲಿ ಸರಿಯಾಗಿವೆ ಎಂದರ್ಥ. ಆಮೇಲೆ ಮುಂದಿರುವ ಮರ, ತಂತಿ, ಫಲಕಗಳನ್ನು ಛಾಯಾಚಿತ್ರದಿಂದ ಕತ್ತರಿಸಿ ಕಟ್ಟಡದ ಮೇಲೆ ಮತ್ತೆ ಹೊದಿಸುತ್ತಾರೆ. ಲಂಡನ್ನಿನಲ್ಲಿ ಪ್ರಮುಖ ನೋಟಗಳಿಗೆ ಅಡ್ಡಬರುವ ಕಟ್ಟಡಗಳ ಅರ್ಜಿಯೊಂದಿಗೆ ಹೀಗೆ ಸರ್ವೆಯಿಂದ ದೃಢಪಟ್ಟ ಚಿತ್ರಗಳನ್ನೇ ಕೇಳುತ್ತಾರೆ. ಅಠಾರ ಕಚೇರಿ, ಕಬ್ಬನ್ ಪಾರ್ಕ್, ವಿಧಾನಸೌಧಗಳ ಸುತ್ತಮುತ್ತ ಏಳುವ ಯಾವ ಕಟ್ಟಡಕ್ಕಾದರೂ ಬೆಂಗಳೂರಿನಲ್ಲಿ ಇದನ್ನು ಕಡ್ಡಾಯ ಮಾಡುವುದಕ್ಕೆ ತಾಂತ್ರಿಕ ಅಡಚಣೆ ಯಾವುದೂ ಇಲ್ಲ.

ಮೂರನೆಯದು ಮರಗಳು. ತಂತ್ರಾಂಶದ ಸಂಗ್ರಹದಿಂದ ಎಳೆದುತಂದು ಇಡುವ ಮರಕ್ಕೆ ಒಂದು ಕ್ಲಿಕ್ ಸಾಕು. ಅದು ಮೂವತ್ತು ವರ್ಷ ಬೆಳೆದ ಮರವಾಗಿರುತ್ತದೆ, ಅದರ ಬೇರು ನೆಲಮಾಳಿಗೆಯ ಚಾವಣಿಯ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ನಿಲ್ಲಬೇಕಾಗಿರುತ್ತದೆ. ಇತ್ತ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಆ ಪ್ರಕಟಣೆಯ ಮರಗಳ ಪಟ್ಟಿಯನ್ನೂ ರೆಂಡರಿನ ಮರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ನಾಗರಿಕರಿಗೆ ಲಾಭದಾಯಕ ಅಭ್ಯಾಸ. ಉಳಿಸಿಕೊಳ್ಳುವ ಮರಕ್ಕೆ ಒಂದು ಬಣ್ಣ, ಹೊಸದಾಗಿ ನೆಡುವುದಕ್ಕೆ ಅದರ ಐದು ವರ್ಷದ ಬೆಳವಣಿಗೆಯ ಗಾತ್ರ ಎಂದು ನಿಯಮ ಮಾಡಿಕೊಂಡರೆ ಚಿತ್ರ ಬಹಳವೇ ಬಡವಾಗುತ್ತದೆ, ಆದರೆ ನಿಜವಾಗುತ್ತದೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ ಸ್ಥಿತಿ ಬೇರೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ, ಅಮೆರಿಕದ ವಾಸ್ತುಶಿಲ್ಪ ಸಂಸ್ಥೆ ಎಸ್‌ಒಎಂ ವಿನ್ಯಾಸಗೊಳಿಸಿದ ಆ ಕಟ್ಟಡದಲ್ಲಿ ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು, ಹೊರಗಿನ ತೋಟ ಇವೆಲ್ಲ ವಿನ್ಯಾಸದ ಅಂಗಗಳೇ ಆಗಿದ್ದುದರಿಂದ ಚಿತ್ರದ ಹಸಿರಿಗೂ ಕಟ್ಟಡದ ಹಸಿರಿಗೂ ಸಂಬಂಧವಿತ್ತು.

ಚಿತ್ರದಲ್ಲಿ ಬಿಟ್ಟುಹೋಗುವ ವಸ್ತುಗಳ ಸಾಲು ದೊಡ್ಡದು: ಎ.ಸಿ.ಯ ಹೊರ ಪೆಟ್ಟಿಗೆಗಳು, ಚಾವಣಿಯ ಮೇಲಿನ ನೀರಿನ ಟ್ಯಾಂಕು, ಜನರೇಟರ್, ಟ್ರಾನ್ಸ್‌ಫಾರ್ಮರ್, ಇಲಾಖೆಗಳ ನಾಮಫಲಕ, ದ್ವಿಚಕ್ರ ವಾಹನಗಳ ಸಾಲು. ಇವುಗಳಿಗೆ ನಕ್ಷೆಯಲ್ಲಿ ಜಾಗ ಕೊಟ್ಟಿಲ್ಲವಾದರೆ ಕಟ್ಟಡ ತೆರೆದ ಮೊದಲ ವರ್ಷದಲ್ಲೇ ಅವು ಮುಂಭಾಗದಲ್ಲಿ ಬಂದು ಕೂರುತ್ತವೆ. ರ‍್ಯಾಂಪಿನ ವಿಷಯವನ್ನಂತೂ ಕೇಳಿಯೇ ತಿಳಿಯಬೇಕು. ಹನ್ನೆರಡಕ್ಕೆ ಒಂದರ ಇಳಿಜಾರಿನಂತೆ 90 ಸೆಂಟಿಮೀಟರ್ ಎತ್ತರದ ಪ್ಲಿಂತ್ (ಕಟ್ಟಡದ ನೆಲಗಟ್ಟು) ಏರಲು 10.8 ಮೀಟರ್ ಉದ್ದದ ರ‍್ಯಾಂಪ್, ಅದರ ಮೇಲೆ ವಿರಮಿಸುವ ಸಮತಟ್ಟು ಜಾಗ ಬೇಕಾಗುತ್ತದೆ. 1:100ರ ಮಾದರಿಯಲ್ಲಿ ಅದು 11 ಸೆಂಟಿಮೀಟರಿಗೆ ಹತ್ತಿರ, ಮುಚ್ಚಿಡಲು ಬರುವುದಿಲ್ಲ. ರೆಂಡರಿನಲ್ಲಿ ಒಂದು ಹೂಗಿಡದ ಸಾಲು ಅಡ್ಡ ಬಂದರೆ ಸಾಕು, ರ‍್ಯಾಂಪ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಈ ಕಾರಣಕ್ಕೇ ಮಾದರಿಯನ್ನು ಹಳೆಯ ಕಾಲದ ವಸ್ತುವೆಂದು ಬದಿಗಿಡುವುದು ತಪ್ಪು. ರೆಂಡರಿನಲ್ಲಿ ನೋಟವನ್ನು ಆರಿಸುವವನು ಚಿತ್ರ ಮಾಡಿದವನು, ಮಾದರಿಯಲ್ಲಿ ಆರಿಸುವವನು ಅದರ ಸುತ್ತ ಬಗ್ಗಿ ನೋಡುವವನು. ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಷಿ ವಿನ್ಯಾಸಗೊಳಿಸಿದ ಐಐಎಂ ಆವರಣದಲ್ಲಿ ಕಲ್ಲಿನ ಗೋಡೆಗಳ ನಡುವೆ ಉದ್ದನೆಯ ಓಣಿಗಳು, ಮೇಲೆ ಅಲ್ಲಲ್ಲಿ ತೆರೆದ ಕಾಂಕ್ರೀಟ್ ಜಂತಿಗಳು, ನಡುನಡುವೆ ಅಂಗಳಗಳು ಇವೆ. ಅಲ್ಲಿ ಹೆಜ್ಜೆ ಹೆಜ್ಜೆಗೂ ಬೆಳಕು ಬದಲಾಗುತ್ತದೆ, ಎದುರಿಗೆ ನಿಂತು ತೆಗೆಯಬಹುದಾದ ಒಂದು ‘ಮುಖ’ವೇ ಇಲ್ಲ. ಅಂಥ ಕಟ್ಟಡವನ್ನು ಒಂದು ರೆಂಡರಿನಲ್ಲಿ ತೋರಿಸಲು ಹೊರಟರೆ ಸೋಲು ಖಚಿತ, ಚಾವಣಿ ತೆಗೆದಿಟ್ಟು ಒಳಗೆ ಇಣುಕಬಹುದಾದ ಮಾದರಿಯಲ್ಲಿ ಅದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಪತ್ರಿಕೆಯ ಚಿತ್ರಕ್ಕೆ ಚೆನ್ನಾಗಿ ಬರಲೆಂದೇ ಕಟ್ಟಡಗಳ ಮುಂಭಾಗವನ್ನು ರೂಪಿಸುವ ಅಭ್ಯಾಸ ಬೆಳೆಯುತ್ತಿರುವುದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುವುದಿಲ್ಲ.

ಈಚೆಗೆ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ನಾಲ್ಕು ಸಾಲು ವಿವರಣೆ ಕೊಟ್ಟರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕಟ್ಟಡದ ಚಿತ್ರವನ್ನು ಕ್ಷಣದಲ್ಲಿ ಕೊಡುತ್ತವೆ. ರೆಂಡರಿಂಗ್‌ನ ಹಿಂದೆ ಅಳತೆಯಿರುವ ಒಂದು ತ್ರೀಡಿ ಕಟ್ಟಡವಿರುತ್ತದೆ, ಬೇಕೆಂದರೆ ಅದರಿಂದ ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿ ನೋಡಿದಂಥ ನಕ್ಷೆ) ತೆಗೆಯಬಹುದು. ಈ ಬಗೆಯ ಚಿತ್ರದ ಹಿಂದೆ ಯಾವ ಪ್ಲಾನೂ ಇಲ್ಲ. ಎಡಗಡೆಯ ಕಂಬಕ್ಕೂ ಬಲಗಡೆಯ ಕಂಬಕ್ಕೂ ನಡುವೆ ಎಷ್ಟು ಅಂತರವೆಂಬ ಪ್ರಶ್ನೆಗೇ ಅಲ್ಲಿ ಅರ್ಥವಿಲ್ಲ. ವಿನ್ಯಾಸದ ಮೊದಲ ಹಂತದ ಕಲ್ಪನೆಗೆ ಅದನ್ನು ಬಳಸಿಕೊಳ್ಳಲಿ, ‘ಉದ್ದೇಶಿತ ಕಟ್ಟಡ’ವೆಂದು ಸರ್ಕಾರಿ ಪ್ರಕಟಣೆಯಲ್ಲಿ ಹಾಕುವುದು ಮಾತ್ರ ಸಲ್ಲದು.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆ, ಚಿತ್ರಕ್ಕೂ ಕಟ್ಟಡಕ್ಕೂ ಹೊಂದಿಕೆಯಾಗದಿದ್ದರೆ ಯಾರು ಹೊಣೆ ಎಂಬುದು. ಸಾರ್ವಜನಿಕ ಕಾಮಗಾರಿಯಲ್ಲಿ ಗುತ್ತಿಗೆದಾರನನ್ನು ಕಟ್ಟಿಹಾಕುವುದು ಟೆಂಡರ್ ದಾಖಲೆಯ ನಕ್ಷೆಗಳು, ವಿವರಣೆಗಳು ಮತ್ತು ಪರಿಮಾಣ ಪಟ್ಟಿ. ಚಿತ್ರದಲ್ಲಿ ಗೋಡೆಗೆ ಸಾದರಹಳ್ಳಿ ಕಲ್ಲಿನ ಹೊದಿಕೆ ಇದ್ದು ಪಟ್ಟಿಯಲ್ಲಿ ಟೆಕ್ಸ್ಚರ್ ಪೇಂಟ್ ಎಂದಿದ್ದರೆ ಗೋಡೆಗೆ ಬರುವುದು ಪೇಂಟೇ, ಅದರಲ್ಲಿ ಗುತ್ತಿಗೆದಾರನ ತಪ್ಪಿಲ್ಲ. ಖಾಸಗಿ ವಸತಿ ಯೋಜನೆಗಳಲ್ಲಿ ಪರಿಸ್ಥಿತಿ ಇದಕ್ಕಿಂತ ಉತ್ತಮ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ, ಜಾಹೀರಾತು ಅಥವಾ ಮಾದರಿ ಮನೆಯಲ್ಲಿನ ಸುಳ್ಳು ವಿವರವನ್ನು ನಂಬಿ ಹಣ ಕೊಟ್ಟು ನಷ್ಟ ಅನುಭವಿಸಿದವನು ಪರಿಹಾರ ಕೇಳಬಹುದು. ತೆರಿಗೆ ಕಟ್ಟಿದವನಿಗೆ ಸರ್ಕಾರಿ ಆಸ್ಪತ್ರೆಯ ಚಿತ್ರದ ವಿಷಯದಲ್ಲಿ ರೇರಾ ಅಂಥ ಹಕ್ಕನ್ನು ಕೊಡುವುದಿಲ್ಲ. ಮದುವೆ ಮಾತುಕತೆಗೆ ಮೊದಲು ಕಳುಹಿಸುವ ಫೋಟೊದ ಸ್ಥಾನದಲ್ಲಿ ಅದು ಉಳಿದುಬಿಟ್ಟಿದೆ, ಎಲ್ಲರೂ ನೋಡುತ್ತಾರೆ, ಯಾರೂ ಅದರ ಮೇಲೆ ದಾವೆ ಹೂಡುವುದಿಲ್ಲ.

ಕಾನೂನು ಬದಲಾಗುವವರೆಗೆ ಕಾಯದೆ ಸಲಹಾ ವಾಸ್ತುಶಿಲ್ಪಿಯ ನೇಮಕದ ಷರತ್ತುಗಳಲ್ಲೇ ಇದಕ್ಕೆ ದಾರಿ ಮಾಡಬಹುದು. ‘ಮಾದರಿ ಮತ್ತು ತ್ರೀಡಿ ವ್ಯೂಗಳು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ಬದಲು, ಯಾವ ಸ್ಕೇಲಿನ ಮಾದರಿ, ನಿವೇಶನದ ಸುತ್ತ ಎಷ್ಟು ಮೀಟರಿನವರೆಗಿನ ನೆರೆಕಟ್ಟಡಗಳು, ನೆಲದ ನಿಜವಾದ ಏರಿಳಿತ ಎಂದು ಬಿಡಿಸಿ ಬರೆಯಬೇಕು. ಚಿತ್ರಗಳ ಪೈಕಿ ಕನಿಷ್ಠ ಎರಡು ಸರ್ವೆ ಮಾಡಿದ ಬಿಂದುವಿನಿಂದ ತೆಗೆದ ನೋಟಗಳಾಗಿರಬೇಕು, ಪ್ರತಿ ಚಿತ್ರದ ಮೂಲೆಯಲ್ಲಿ ಕ್ಯಾಮೆರಾದ ಜಾಗ ಮತ್ತು ಎತ್ತರ, ಲೆನ್ಸ್, ಬಿಸಿಲಿನ ದಿನಾಂಕ ಮತ್ತು ವೇಳೆ, ಚಿತ್ರಕ್ಕೆ ಆಧಾರವಾದ ನಕ್ಷೆಯ ಸಂಖ್ಯೆ ಇವು ಸಣ್ಣ ಅಕ್ಷರದಲ್ಲಾದರೂ ಇರಬೇಕು. ಅಂದಾಜು ವೆಚ್ಚ ಪರಿಷ್ಕರಣೆಯಾಗಿ ಕಲ್ಲು ಹೋಗಿ ಪೇಂಟ್ ಬಂದ ದಿನವೇ ಚಿತ್ರವನ್ನೂ ಹೊಸದಾಗಿ ಮಾಡಿ ಹಳೆಯದರ ಪಕ್ಕದಲ್ಲಿ ಪ್ರಕಟಿಸಬೇಕು. ತ್ರೀಡಿ ಫೈಲನ್ನು ಯಾವುದೋ ಒಂದು ಕಂಪನಿಯ ತಂತ್ರಾಂಶದಲ್ಲಷ್ಟೇ ತೆರೆಯುವ ರೂಪದಲ್ಲಿ ಪಡೆಯದೆ ಐಎಫ್‌ಸಿಯಂಥ ಮುಕ್ತ ರೂಪದಲ್ಲೂ ಇಲಾಖೆ ಪಡೆದಿಟ್ಟುಕೊಂಡರೆ, ಹತ್ತು ವರ್ಷದ ಮೇಲೆ ಇನ್ನೊಂದು ಮಹಡಿ ಏರಿಸುವ ಪ್ರಸ್ತಾಪ ಬಂದಾಗ ಹೊಸ ಸಲಹೆಗಾರ ಎಲ್ಲವನ್ನೂ ಮೊದಲಿನಿಂದ ಅಳೆಯಬೇಕಾಗುವುದಿಲ್ಲ.